ವಾಸನೆಗೆ ಅಡ್ಡಿಯಿಲ್ಲ

ನಮ್ಮ ಮಾವನವರು ಬಾಯ್ತುಂಬ ಹೊಗಳುವುದು ಕುರಿಗಳನ್ನು ಮಾತ್ರ. ಅದೂ ಅವು ಸತ್ತ ಮೇಲೆ!

ಸುಳ್ಳಲ್ಲ. ನಾನು ಲಗ್ಗೆರೆಯ ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವರು ಮಗನನ್ನು ಹೊಗಳಿದ್ದು ಕೇಳಿಲ್ಲ, ಹೆಂಡತಿಯನ್ನು ಹೊಗಳಿದ್ದು ಕೇಳಿಲ್ಲ, ನನ್ನ ಮಾತಂತೂ ಬಿಡಿ. ಆದರೆ ಭಾನುವಾರ ಮಧ್ಯಾಹ್ನ ಊಟ ಮುಗಿದು, ಮೂಳೆಗಳೆಲ್ಲ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತ ಮೇಲೆ, ಕೈ ಒಣಗುವವರೆಗೂ ಹಾಗೇ ಕೂತು, “ಎಂಥಾ ಪ್ರಾಣಿ ಕಣಮ್ಮ! ಏನ್ ಮೇಯ್ದಿತ್ತೋ ಏನೋ, ಪುಣ್ಯಾತ್ಮ!” ಎನ್ನುತ್ತಿದ್ದರು. ಬೆಳಗಿನಿಂದ ಮಸಾಲೆ ಅರೆದು, ಬೇಯಿಸಿ, ಬಡಿಸಿದವಳು ಎದುರಿಗೇ ನಿಂತಿರುತ್ತಿದ್ದೆ. ಪುಣ್ಯವೆಲ್ಲ ಕುರಿಗೆ!

ಇವರ ಈ ಸ್ವಭಾವ ನನಗೆ ಮದುವೆಯಾದ ಮೂರನೇ ದಿನವೇ ತಿಳಿಯಿತು. ಅವತ್ತು ನಮ್ಮ ತವರಿನವರು ಕೆಂಗೇರಿಯಲ್ಲಿ ಬೀಗರೂಟ ಇಟ್ಟುಕೊಂಡಿದ್ದರು. ಮದುವೆಯ ಸಿಹಿಯೂಟ ಮುಗಿದು, ಎರಡು ಕಡೆಯವರೂ ಸೇರಿ ಮಾಂಸದೂಟ ಮಾಡುವ ದಿನ ಅದು. ಗಂಡಿನ ಕಡೆಯವರು ಏನು ಕೊಂಕು ತೆಗೆಯುತ್ತಾರೋ ಎಂದು ಅಮ್ಮನಿಗೆ ಭಯ. ಅಪ್ಪ ತಾವೇ ಬಕೆಟ್ ಹಿಡಿದು ಬಡಿಸಲು ನಿಂತರು. ಮಾವ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಪ್ಪ ಬಕೆಟ್ ಹಿಡಿದುಕೊಂಡು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ನಿಂತೇ ಇದ್ದರು.

“ಬೀಗ್ರೇ, ಬನ್ನೂರು ಮರಿ ತಾನೇ?”

“ಹೌದು ಬೀಗ್ರೇ.”

“ಗೊತ್ತಾಯ್ತು. ಇನ್ನು ನಿಮ್ ಹುಡುಗಿ ಬಗ್ಗೆ ನೀವು ಯೋಚ್ನೆ ಮಾಡ್ಬೇಡಿ.”

ರುಚಿಗೆ ಹೆಸರಾದ ಬನ್ನೂರು ಕುರಿಮರಿಯ ದಯೆಯಿಂದ ನಾನು ಪಾಸಾದೆ! ಅವತ್ತಿನಿಂದ ಇಬ್ಬರೂ ಬೀಗರು ಗಳಸ್ಯಕಂಠಸ್ಯ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಫೋನು. ನನ್ನ ಕ್ಷೇಮ ವಿಚಾರಿಸುವುದಕ್ಕೆ ಎಂದು ನಾನು ಕೆಲವು ತಿಂಗಳು ಹೆಮ್ಮೆಪಟ್ಟುಕೊಂಡಿದ್ದೆ. ಒಂದು ದಿನ ಪಕ್ಕದಲ್ಲೇ ಕೂತು ಕೇಳಿಸಿಕೊಂಡರೆ, ಅರ್ಧ ಗಂಟೆಯೂ ಪಕ್ಕೆ ಮತ್ತು ತೊಡೆಯ ವಿಚಾರವೇ. ಫೋನಿಡುವ ಮುಂಚೆ ಅಪ್ಪ, “ಹುಡುಗಿ ಹೆಂಗಿದಾಳೆ?” ಎಂದರಂತೆ. ಮಾವ ನನ್ನನ್ನು ಒಮ್ಮೆ ನೋಡಿ, “ಇದಾಳೆ” ಎಂದು ಫೋನಿಟ್ಟರು.

ಮಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದವರು. ತಯಾರಾಗಿ ಬಂದ ಸಾಮಾನು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ತಿರುಗಿಸಿ ಕಳಿಸುವುದು ಅವರ ಕೆಲಸ. ರಿಟೈರಾದ ಮೇಲೆ ಆ ವಿದ್ಯೆಯನ್ನೆಲ್ಲ ಮಟನ್ ಅಂಗಡಿಗೆ ಮೀಸಲಿಟ್ಟರು. ಭಾನುವಾರ ಐದೂವರೆಗೆ ಎದ್ದು, ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಡುವುದು. ಮದುವೆಗೆ ಹೋಗುವಾಗಲೂ ಅಷ್ಟು ನೀಟಾಗಿ ಹೋದವರಲ್ಲ. ಅಂಗಡಿಯವನಿಗೆ ಮೊದಲ ಪ್ರಶ್ನೆ: “ಎಷ್ಟು ಹಲ್ಲಿಂದು?” ಹಲ್ಲಿನ ಲೆಕ್ಕದಲ್ಲಿ ಮರಿಯ ವಯಸ್ಸು ತಿಳಿಯುತ್ತದೆ, ವಯಸ್ಸಾದರೆ ಬೇಯುವುದಿಲ್ಲ. ಅಂಗಡಿಯವನು ಎರಡು ಎಂದರೆ ಸಾಲದು, ತಲೆ ತರಿಸಿ ಬಾಯಿ ತೆಗೆಸಿ ನೋಡಬೇಕು. ನನ್ನನ್ನು ನೋಡಲು ಬಂದಾಗಲೂ ಇಷ್ಟು ವಿಚಾರಿಸಿರಲಿಲ್ಲ!

ಹಾಗೆಂದು ಅವರನ್ನು ನೇಮನಿಷ್ಠೆಯಿಲ್ಲದವರು ಅಂದುಕೊಳ್ಳಬೇಡಿ. ಸೋಮವಾರ ಶಿವನ ವಾರ, ಮುಟ್ಟುವುದಿಲ್ಲ. ಶನಿವಾರ ಆಂಜನೇಯನ ವಾರ, ಮುಟ್ಟುವುದಿಲ್ಲ. ಶ್ರಾವಣ ಬಂದರೆ ತಿಂಗಳಿಡೀ ಮುಟ್ಟುವುದಿಲ್ಲ. ಆ ತಿಂಗಳು ನಾವೂ ಅವರ ಹತ್ತಿರ ಹೋಗುವುದಿಲ್ಲ, ಅಷ್ಟು ಸಿಡಿಮಿಡಿ. ಈ ನೇಮದ ಮೇಲೆ ಅವರದೇ ಒಂದು ವೈದ್ಯಶಾಸ್ತ್ರವೂ ಇತ್ತು. “ಮಾಂಸ ತಿಂದ್ರೆ ಹಾರ್ಟಿಗೆ ತೊಂದ್ರೆ ಅಂತಾರಲ್ಲ, ಅದು ವಾರ ನೋಡ್ದೆ ತಿನ್ನೋರಿಗೆ. ನಮ್ ತಾತ ಸಾಯೋವರೆಗೂ ತಿಂದ್ರು. ತೊಂಬತ್ತು ದಾಟಿದ್ರು ಗೊತ್ತಾ?”

ಅತ್ತೆ ಒಳಗಿಂದಲೇ ಉತ್ತರ ಕೊಡುತ್ತಿದ್ದರು. “ನಿಮ್ ತಾತ ಬೆಳಗಿಂದ ಸಾಯಂಕಾಲದ ತನಕ ನೇಗ್ಲು ಹಿಡೀತಿದ್ರು. ನೀವು ಹಿಡಿಯೋದು ರಿಮೋಟು!”

ಹೋದ ಕಾರ್ತಿಕದಲ್ಲಿ ಒಂದು ಶನಿವಾರ ಸಂಜೆ ಮಾವ ಟಿವಿ ಮುಂದೆ ಕೂತವರು ಎದೆ ಉಜ್ಜಿಕೊಳ್ಳತೊಡಗಿದರು. ಹಣೆಯ ಮೇಲೆ ಬೆವರು. ಏನಾಯಿತು ಎಂದರೆ, “ಮಧ್ಯಾಹ್ನದ ಸೊಪ್ಪಿನ ಸಾರು ಗ್ಯಾಸ್ ಆಗಿದೆ. ನಾನ್ ಹೇಳ್ಲಿಲ್ವಾ, ನನಗೆ ಸೊಪ್ಪು ಆಗಿಬರಲ್ಲ ಅಂತ” ಎಂದರು. ಎದೆ ಹಿಡಿದುಕೊಂಡೂ ಅಪವಾದ ಸೊಪ್ಪಿನ ಮೇಲೆ! ಆಮೇಲೆ, “ನಾಳೆ ನೋಡೋಣ ಬಿಡಿ” ಎಂದರು.

ಆ ಮಾತನ್ನು ನಾನು ಮೊದಲೂ ಕೇಳಿದ್ದೆ. ನನ್ನ ಮದುವೆಯಾಗಿ ನಾಲ್ಕು ವರ್ಷಕ್ಕೆ, ನಾನು ತವರಿಗೆ ಹೋಗಿದ್ದಾಗ, ಅಪ್ಪನೂ ಹೀಗೇ ಎದೆ ಉರಿ ಅಂದರು, ಗ್ಯಾಸ್ ಅಂದರು, ಒಂದು ಸೋಡ ಕುಡಿದು “ನಾಳೆ ನೋಡೋಣ” ಎಂದು ಮಲಗಿದರು. ನಾನೂ ಸರಿ ಎಂದು ಸುಮ್ಮನಾದೆ. ಬೆಳಗ್ಗೆ ಅಪ್ಪ ಏಳಲಿಲ್ಲ. ಈ ಸಲ ನಾನು ಮಾವನ ಮಾತು ಮುಗಿಯುವ ಮುಂಚೆ ಬೀದಿಗೆ ಓಡಿ ಆಟೋ ನಿಲ್ಲಿಸಿದ್ದೆ. ರಾಜಾಜಿನಗರದ ಕಡೆಯ ಆಸ್ಪತ್ರೆ ತಲುಪುವವರೆಗೂ ಅವರು ದಾರಿಯುದ್ದಕ್ಕೂ, “ನಾಳೆ ಭಾನುವಾರ ಕಣಮ್ಮ, ಅಂಗಡಿಗೆ ಹೇಳಿಟ್ಟಿದೀನಿ” ಎಂದು ಗೊಣಗುತ್ತಲೇ ಇದ್ದರು.

ಎರಡು ಸ್ಟೆಂಟ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮನೆಗೆ ಕಳಿಸುವ ದಿನ ಡಾಕ್ಟರು, ನನ್ನ ಗಂಡನ ವಯಸ್ಸಿನವರು, ಮಾವನ ಎದುರು ಕುರ್ಚಿ ಎಳೆದುಕೊಂಡು ಕೂತರು.

“ಯಜಮಾನ್ರೇ, ಮಟನ್ ಬಿಡ್ಬೇಕು.”

“ಎಷ್ಟು ದಿನ ಸಾರ್?”

“ಇನ್ಮೇಲೆ ಪೂರ್ತಿ. ಮಟನ್ ಒಂದರಿಂದ್ಲೇ ಹಿಂಗಾಯ್ತು ಅಂತ ನಾನ್ ಹೇಳಲ್ಲ. ಬಿಪಿ ಇತ್ತು, ಮಾತ್ರೆ ಸರಿಯಾಗಿ ತಗೊಂಡಿಲ್ಲ, ಓಡಾಟ ಇಲ್ಲ. ಅದರ ಜೊತೆಗೆ ಈ ಕೊಬ್ಬು ಹೋಗಿ ರಕ್ತನಾಳದಲ್ಲಿ ಕೂರುತ್ತೆ. ನಿಮ್ಗೆ ಈಗಾಗ್ಲೇ ಒಂದು ಎಚ್ಚರಿಕೆ ಬಂದಿದೆ.”

“ಕೊಬ್ಬು ತೆಗೆದ್ಬಿಟ್ಟು, ಬರೀ ಮೂಳೆ?”

“ಮೂಳೆ ಒಳಗೆ ಇರೋದೂ ಕೊಬ್ಬೇ.”

“ತುಂಡು ಬೇಡ ಸಾರ್. ಬರೀ ಸಾರು?”

“ತುಂಡಲ್ಲಿದ್ದ ಕೊಬ್ಬು ಬಂದು ತೇಲೋದೇ ಸಾರಲ್ಲಿ. ಬೇಕಾದ್ರೆ ಚರ್ಮ ತೆಗೆದ ಕೋಳಿ ಆಗಾಗ ಒಂಚೂರು ತಿನ್ನಿ.”

“ಕೋಳಿನಾ? ಅದು ಜ್ವರ ಬಂದೋರಿಗಲ್ವಾ ಸಾರ್?”

ಡಾಕ್ಟರಿಗೆ ನಗು ಬಂತು. ಮಾವ ಕೊನೆಯ ಪ್ರಯತ್ನವೆಂಬಂತೆ ಕೇಳಿದರು. “ವಾಸನೆ?”

“ವಾಸನೆಗೆ ಅಡ್ಡಿಯಿಲ್ಲ.”

ಪಾಪ, ಡಾಕ್ಟರು ತಮಾಷೆಗೆ ಹೇಳಿದ್ದು. ಮಾವ ಅದನ್ನು ಔಷಧಿ ಚೀಟಿಯಲ್ಲಿ ಬರೆದುಕೊಟ್ಟಂತೆ ತಗೊಂಡರು! ಒಂದು ತಿಂಗಳು ವಿಶ್ರಾಂತಿಯಾದ ಮೇಲೆ ದಿನಾ ಅರ್ಧ ಗಂಟೆ ನಡೆಯಬೇಕೆಂದು ಹೇಳಿದ್ದರು. ನಾನು, ಅತ್ತೆ, ನಮ್ಮವರು ಮೂವರೂ ಕಾಲು ಹಿಡಿದರೂ ಗೇಟು ದಾಟದವರು, ಒಂದು ಭಾನುವಾರ ಹನ್ನೊಂದು ಗಂಟೆಗೆ ತಾವಾಗಿಯೇ ಚಪ್ಪಲಿ ಮೆಟ್ಟಿದರು. ಒಂದು ಗಂಟೆಯಾದರೂ ಬರಲಿಲ್ಲ. ಗಾಬರಿಯಾಗಿ ಹೋಗಿ ನೋಡಿದರೆ, ಪಕ್ಕದ ಬೀದಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು, ಒಂದೊಂದು ಮನೆಯ ಅಡುಗೆಮನೆ ಕಿಟಕಿಯ ಹತ್ತಿರ ನಿಂತು, ಮೂಗು ಮೇಲೆತ್ತಿ, ಒಪ್ಪಿಗೆಯಾದರೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದಾರೆ. ಕಾರ್ಖಾನೆಯ ಇನ್ಸ್‌ಪೆಕ್ಷನ್ನೇ!

ಮನೆಗೆ ಬಂದು ವರದಿ ಒಪ್ಪಿಸಿದರು. “ನೀಲಿ ಗೇಟಿನೋರು ಧನಿಯಾ ಜಾಸ್ತಿ ಹುರಿದಿದಾರೆ. ಮಹಡಿ ಮನೆಯೋರು ಪುದೀನ ಹಾಕೋದು ಮರ್ತಿದಾರೆ, ಹೇಳೋಣ ಅಂದ್ಕೊಂಡೆ, ಬಾಗ್ಲು ಹಾಕಿತ್ತು.” ಅತ್ತೆ ಹಣೆ ಚಚ್ಚಿಕೊಂಡರು. ಆದರೆ ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರಿಗೆ ಬಹಳ ಸಂತೋಷವಾಯಿತು. ತೂಕ ಇಳಿದಿತ್ತು.

“ದಿನಾ ವಾಕ್ ಮಾಡ್ತಿದೀರಾ ಯಜಮಾನ್ರೇ?”

“ಇಲ್ಲ ಸಾರ್, ಭಾನುವಾರ ಮಾತ್ರ. ಬೇರೆ ದಿನ ನಮ್ ಕಡೆ ಯಾರೂ ಮಾಡಲ್ಲ.”

ಅವರಿಗೆ ಏನು ಅರ್ಥವಾಯಿತೋ, ಗುಡ್ ಗುಡ್ ಎಂದು ಬರೆದುಕೊಂಡರು.

ಅವರೆದುರು ನಾವು ತಿನ್ನುವುದು ಸರಿಯಲ್ಲ ಎಂದು ಮನೆಯಲ್ಲಿ ಮಟನ್ ಮಾಡುವುದನ್ನೇ ನಿಲ್ಲಿಸಿದೆವು. ನಮ್ಮವರು ಆಫೀಸಿನ ಹತ್ತಿರ ಹೊರಗೆ ತಿಂದು, ಬಾಯಿ ಮುಕ್ಕಳಿಸಿ, ಒಂದು ಏಲಕ್ಕಿ ಹಾಕಿಕೊಂಡು ಬರುತ್ತಿದ್ದರು. ಬಾಗಿಲಲ್ಲೇ ಮಾವ, “ಕೈಮ ತಿಂದ್ಯೇನೋ?” ಎನ್ನುತ್ತಿದ್ದರು. ಆ ಮೂಗಿನ ಮುಂದೆ ಏಲಕ್ಕಿಯ ಆಟ ನಡೆಯುತ್ತದೆಯೇ?

ಒಂದು ಭಾನುವಾರ ನನಗೊಂದು ಉಪಾಯ ಹೊಳೆಯಿತು. ಸೋಯಾ ಉಂಡೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಅಪ್ಪಟ ಮಟನ್ ಮಸಾಲೆಯಲ್ಲೇ ಬೇಯಿಸಿದೆ. ಚೆಕ್ಕೆ, ಲವಂಗ, ಗಸಗಸೆ, ಕಾಯಿ, ಒಂದೂ ಬಿಡಲಿಲ್ಲ. ಮನೆಯೆಲ್ಲ ಘಮಘಮ. ಮಾವ ಮುದ್ದೆ ಮುರಿದು, ಒಂದು ಉಂಡೆ ಬಾಯಿಗಿಟ್ಟು, ನಿಧಾನವಾಗಿ ಅಗಿದರು. ನಾನು ಬಕೆಟ್ ಹಿಡಿದು ನಿಂತ ಅಪ್ಪನ ಹಾಗೆ ಸೌಟು ಹಿಡಿದು ನಿಂತಿದ್ದೆ. ಮಾವ ನುಂಗಿ, ನೀರು ಕುಡಿದು, ಗಂಭೀರವಾಗಿ ಕೇಳಿದರು.

“ಇದಕ್ಕೆಷ್ಟು ಹಲ್ಲಿತ್ತಮ್ಮ?”

ಅತ್ತೆ ನಕ್ಕು ನಕ್ಕು ಅಡುಗೆಮನೆ ಕಟ್ಟೆಗೆ ಒರಗಿಕೊಂಡರು. ನನಗೆ ಮಾತ್ರ ಅಳು ಬರುವ ಹಾಗಾಯಿತು. ಆದರೂ ತಟ್ಟೆಯಲ್ಲಿದ್ದುದನ್ನೆಲ್ಲ ಖಾಲಿ ಮಾಡಿಯೇ ಎದ್ದರು ಅನ್ನಿ.

ಸಂಕ್ರಾಂತಿ ಕಳೆದ ಮೇಲೆ ಮಾಗಡಿ ಕಡೆಯ ನೆಂಟರೊಬ್ಬರು ತೀರಿಕೊಂಡರು. ಅವರಿಗೂ ಹಾರ್ಟೇ. ತಿಥಿಗೆ ಹೇಳಿಕಳಿಸಿದರು. ನಮ್ಮ ಕಡೆ ತಿಥಿಯೆಂದರೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಬಂದವರಿಗೆ ಮಾಂಸದೂಟ ಹಾಕುವುದು. ಹೃದಯದ ಕಾಯಿಲೆಯಲ್ಲಿ ಹೋದವರ ಹೆಸರಿನಲ್ಲಿ ಎರಡು ಕುರಿ! ಮಾವ ಬೆಳಗ್ಗೆಯೇ ಪಂಚೆ ಉಟ್ಟು ಸಿದ್ಧರಾದರು. ನಾನು ಅಡ್ಡ ನಿಂತೆ. “ತಿಥಿ ಊಟ ಬೇಡ ಅನ್ನಬಾರ್ದಮ್ಮ. ನಾವು ಉಣ್ಣದಿದ್ರೆ ಹೋದೋರ ಆತ್ಮಕ್ಕೆ ಶಾಂತಿ ಇರಲ್ಲ” ಎಂದರು.

“ಹೋಗಿ, ಉಂಡ್ಬನ್ನಿ” ಎಂದರು ಅತ್ತೆ. “ಅವರ ಆತ್ಮದ ಜೊತೆಗೆ ನಿಮ್ಮ ಆತ್ಮಕ್ಕೂ ಶಾಂತಿ ಸಿಕ್ಕೋಗ್ಲಿ. ಅವರ ಮನೆಗೆ ಶಾಮಿಯಾನ ಹಾಕಿದೋನ ನಂಬರ್ ಇಸ್ಕೊಂಡ್ ಬನ್ನಿ, ನಮಗೂ ಬೇಕಾಗುತ್ತೆ.”

ಮಾವ ಪಂಚೆ ಬಿಚ್ಚಿ ಲುಂಗಿ ಉಟ್ಟುಕೊಂಡರು. ಸಂಜೆ ನಾನು ಒಂದು ಲೋಟ ಕಾಫಿ ತಂದು ಮುಂದಿಟ್ಟು ನಿಂತೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮಾತ್ರೆ ಎಲ್ಲಿ ಎಂದು ಕೈ ಚಾಚಿದರು.

ನಿಜ ಹೇಳುತ್ತೇನೆ, ಈ ನಗುವೆಲ್ಲ ಮೇಲುಮೇಲಿನದು. ಒಳಗೆ ನನಗೆ ಪುಕಪುಕ. ಅವರು ಕೆಮ್ಮಿದರೆ ಒಲೆ ಆರಿಸಿ ಓಡಿಬರುತ್ತಿದ್ದೆ. ಬೆಳಗ್ಗೆ ಅವರ ಕೋಣೆಯಲ್ಲಿ ರೇಡಿಯೋ ಸದ್ದು ಕೇಳುವವರೆಗೂ ನನ್ನ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಪ್ಪನ ಕಥೆ ತೆಗೆಯಬೇಕಾಗುತ್ತದೆ, ಅದು ನನ್ನಿಂದಾಗದು.

ಹೀಗಿರುವಾಗ ಯುಗಾದಿ ಬಂತು. ಯುಗಾದಿಗೆ ನಾನು ಹೆದರಲಿಲ್ಲ, ಅದು ಒಬ್ಬಟ್ಟಿನ ಹಬ್ಬ. ಹೆದರಿದ್ದು ಮಾರನೇ ದಿನಕ್ಕೆ. ಹೊಸತೊಡಕು! ವರ್ಷದ ಮೊದಲ ಬಾಡೂಟ. ಅವತ್ತು ನಮ್ಮ ಬೀದಿಯ ಹದಿನಾಲ್ಕು ಮನೆಯವರು ಸೇರಿ ಎರಡು ಕುರಿ ತರುತ್ತಾರೆ. ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಟಾರ್ಪಾಲು ಹಾಸಿ, ಬಾಳೆಲೆ ಹರಡಿ, ಹದಿನಾಲ್ಕು ಗುಡ್ಡೆ ಹಾಕುತ್ತಾರೆ. ತೊಡೆ, ಪಕ್ಕೆ, ಈಲಿ, ಮೂಳೆ, ಎಲ್ಲವೂ ಎಲ್ಲ ಗುಡ್ಡೆಗೂ ಸಮನಾಗಿ ಬೀಳಬೇಕು. ಈ ಪಾಲು ಹಾಕುವವರು ಇಪ್ಪತ್ತು ವರ್ಷದಿಂದ ನಮ್ಮ ಮಾವ. ತಕ್ಕಡಿಯಿಲ್ಲ, ಬರೀ ಕಣ್ಣಳತೆ. ಒಮ್ಮೆ ಯಾರೋ ಅನುಮಾನಕ್ಕೆ ಎರಡು ಗುಡ್ಡೆ ತೂಗಿ ನೋಡಿ, ಆಮೇಲೆ ಒಂದು ವರ್ಷ ಮಾವನಿಗೆ ಮುಖ ತೋರಿಸಲಿಲ್ಲವಂತೆ.

ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಬೀದಿಯವರು ಮನೆಗೆ ಬಂದು ಅತ್ತೆಯನ್ನು ಕೇಳಿದರು. “ಅಕ್ಕ, ಅಣ್ಣನ್ನ ಕಳಿಸ್ಕೊಡಿ. ಅವರಿಲ್ದೆ ಗುಡ್ಡೆ ಹಾಕಿದ್ರೆ ಹೊಡೆದಾಟ ಆಗುತ್ತೆ.” ನಾನು ಡಾಕ್ಟರಿಗೆ ಫೋನು ಮಾಡಿದೆ. ಕೂತು ಪಾಲು ಹಾಕಲಿ, ತೊಂದರೆಯಿಲ್ಲ. ವರ್ಷದ ಹಬ್ಬ, ಕೊಬ್ಬಿಲ್ಲದ ಎರಡು ತುಂಡು ತಿಂದರೆ ಪರವಾಗಿಲ್ಲ, ಎರಡೇ ಎಂದರು. ಮಾವನಿಗೆ ಹೇಳಿದರೆ “ಹ್ಞೂಂ” ಎಂದರು. ಅಷ್ಟು ಸುಲಭದ “ಹ್ಞೂಂ” ಕೇಳಿ ನನಗೆ ಇನ್ನೂ ಅನುಮಾನ ಬಂತು.

ಹೊಸತೊಡಕಿನ ದಿನ ಬೆಳಗ್ಗೆ ನಮ್ಮವರನ್ನು ಕಾವಲಿಗೆ ಕಳಿಸಿದೆ. “ನಮ್ಮಪ್ಪ ಏನು ಹಸೀದನ್ನೇ ತಿಂತಾರೇನೇ?” ಎಂದು ಎರಡು ಚೀಲ ಹಿಡಿದುಕೊಂಡು ಹೋದರು. ಐದು ತಿಂಗಳಿಂದ ಮನೆಯಲ್ಲಿ ಮಟನ್ ಕಾಣದ ಮನುಷ್ಯ, ಅಪ್ಪನನ್ನು ನೋಡುತ್ತಾರೋ ಕುರಿಯನ್ನು ನೋಡುತ್ತಾರೋ! ಅತ್ತೆ ಆಗಲೇ ಮಸಾಲೆ ಅರೆದಿಟ್ಟಿದ್ದರು. ನಾನು ಮಾತ್ರೆ ಮತ್ತು ನೀರಿನ ಬಾಟಲಿಯ ನೆಪ ಮಾಡಿಕೊಂಡು ಸೈಟಿನ ಕಡೆ ನಡೆದೆ.

ಮಾವ ಒಂದು ಮಣೆಯ ಮೇಲೆ ಕೂತಿದ್ದರು. ಕೈ ಆಡುತ್ತಿತ್ತು, ಕಣ್ಣು ಅಳೆಯುತ್ತಿತ್ತು. ಒಂದು ಗುಡ್ಡೆಯಿಂದ ಒಂದು ಸಣ್ಣ ತುಂಡು ತೆಗೆದು ಇನ್ನೊಂದಕ್ಕೆ ಹಾಕುವುದು, ಹಿಂದಕ್ಕೆ ಬಾಗಿ ನೋಡುವುದು, ಮತ್ತೆ ಸರಿಪಡಿಸುವುದು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಪಾಲು ಮುಗಿಯಿತು. ಪದ್ಧತಿಯಂತೆ ಮೂಲೆಮನೆ ಅಜ್ಜಿ ಗುಡ್ಡೆಗಳಿಗೆ ಬೆನ್ನು ಹಾಕಿ ಕೂತರು. ಮಾವ ಒಂದು ಗುಡ್ಡೆ ಮುಟ್ಟಿ “ಇದು?” ಎನ್ನುವುದು, ಅಜ್ಜಿ ನೋಡದೆಯೇ ಒಂದು ಮನೆಯ ಹೆಸರು ಹೇಳುವುದು. ಪಾಲು ಹಾಕಿದವರ ಮನೆಗೆ ಮಾತ್ರ ಯಾವಾಗಲೂ ಕೊನೆಯ ಗುಡ್ಡೆ.

ಹದಿಮೂರು ಹೆಸರು ಮುಗಿಯಿತು. ಚೀಲಗಳು ತುಂಬಿದವು. ಅಜ್ಜಿ, “ಕೊನೇದು ನಿನ್ದೇ ಕಣಪ್ಪ, ತಗೋ” ಎಂದು ತಿರುಗಿದರು. ಟಾರ್ಪಾಲು ಖಾಲಿ.

ಬೀದಿಯೆಲ್ಲ ದಂಗಾಯಿತು. ಇಪ್ಪತ್ತು ವರ್ಷ ತಪ್ಪದ ಕಣ್ಣು ತಪ್ಪಿತೇ? “ಅಣ್ಣ, ಒಂದ್ ಗುಡ್ಡೆ ಕಮ್ಮಿ ಹಾಕಿದೀರ!” “ಕಾಯ್ಲೆಯಿಂದ ಎದ್ದಿದಾರೆ ಪಾಪ, ನಮ್ದ್ರಲ್ಲೇ ಒಂದಷ್ಟು ತಗೊಳ್ಳಿ” ಎಂದು ನಾಲ್ಕು ಜನ ಚೀಲ ಬಿಚ್ಚಿದರು. ಮಾವ ಕೈಯೆತ್ತಿದರು.

“ಎಣಿಕೆ ಸರಿಯಾಗಿದೆ. ಹದಿಮೂರೇ ಹಾಕಿದ್ದು. ನಮ್ಮನೇದು ನಿಮ್ಮ ಗುಡ್ಡೆಗಳಲ್ಲೇ ಸೇರಿದೆ. ಹೋಗಿ, ಒಲೆ ಹಚ್ಚಿ.”

ನಮ್ಮವರ ಮುಖ ನೋಡಬೇಕಿತ್ತು! ಎರಡು ಖಾಲಿ ಚೀಲ ಹಿಡಿದುಕೊಂಡು, “ಅಪ್ಪಾ, ಒಂದ್ ಮಾತು ಕೇಳಬಾರ್ದಿತ್ತಾ?” ಎಂದರು. ತರಕಾರಿಯಾದರೂ ತರುತ್ತೇನೆ ಎಂದು ಮುನಿಸಿಕೊಂಡು ಅಂಗಡಿ ಕಡೆ ಹೋದರು.

ಮಾವ ಕೈ ತೊಳೆದುಕೊಂಡು ನನ್ನ ಜೊತೆ ಹೊರಟರು. ಮನೆಗೆ ನೂರು ಹೆಜ್ಜೆ. ಬೈಯಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ. “ಯಾಕ್ ಮಾವ ಹಿಂಗ್ ಮಾಡಿದ್ರಿ? ಎರಡು ತುಂಡಿಗೆ ಡಾಕ್ಟ್ರೇ ಒಪ್ಪಿದ್ರಲ್ಲ.”

“ಎರಡಕ್ಕೆ ನಿಲ್ಲೋ ಕೈಯಲ್ಲಮ್ಮ ಇದು. ನನ್ ಕೈ ನನಗ್ ಗೊತ್ತಿಲ್ವಾ? ಮನೆಗ್ ಬಂದ್ರೆ ಪಾತ್ರೆ ಖಾಲಿಯಾಗೋ ತನಕ ಬಿಡಲ್ಲ.”

ಆಮೇಲೆ ನನ್ನ ಮುಖ ನೋಡದೆ ಹೇಳಿದರು.

“ನಿಮ್ಮಪ್ಪ ಹೋದ ದಿನ ನಾನು ಕೆಂಗೇರಿ ಮನೆ ಬಾಗ್ಲಲ್ಲೇ ನಿಂತಿದ್ದೆ ಕಣಮ್ಮ. ‘ನಿನ್ನೆನೇ ಕರ್ಕೊಂಡ್ ಹೋಗ್ಬೇಕಿತ್ತು, ನಾನು ಸುಮ್ನೆ ಬಿಟ್ಬಿಟ್ಟೆ’ ಅಂತ ನೀನು ಎದೆ ಎದೆ ಬಡ್ಕೊಂಡ್ ಅಳ್ತಿದ್ದೆ. ನಿನ್ನ ಹಿಡ್ಕೊಳ್ಳೋಕೆ ಯಾರ ಕೈಲೂ ಆಗ್ಲಿಲ್ಲ. ಈಗ ನಾನ್ ಒಂದ್ ಸಲ ಕೆಮ್ಮಿದ್ರೂ ಅಡುಗೆಮನೆಯಿಂದ ಓಡ್ಬರ್ತೀಯಲ್ಲ, ಯಾಕ್ ಅಂತ ನನಗ್ ಗೊತ್ತಿಲ್ಲ ಅಂದ್ಕೊಂಡಿದೀಯಾ? ಇನ್ನೊಂದ್ ಸಲ ನಿನ್ನ ಹಂಗ್ ಅಳಿಸೋಕೆ ನನ್ ಕೈಲಾಗಲ್ಲ ಮಗಳೇ.”

ಏಳು ವರ್ಷದಿಂದ ನನ್ನೊಳಗೇ ಇಟ್ಟುಕೊಂಡಿದ್ದ ಮಾತು ಅದು. ಅಪ್ಪನನ್ನು ನಾನೇ ಕೈಯಾರೆ ಕಳೆದುಕೊಂಡೆ ಎಂಬ ಮಾತು. ಅವತ್ತು ಅಳುತ್ತಾ ಅದನ್ನು ಬಾಯಿಬಿಟ್ಟು ಹೇಳಿದ್ದೆನೆಂಬುದೇ ನನಗೆ ನೆನಪಿರಲಿಲ್ಲ. ಅದು ಈ ಮನುಷ್ಯನಿಗೆ ಇಷ್ಟು ದಿನವೂ ಗೊತ್ತಿತ್ತು! ನಡುಬೀದಿಯಲ್ಲಿ, ಎಲ್ಲ ಮನೆಗಳಲ್ಲೂ ಒಗ್ಗರಣೆಯ ಸದ್ದು ಶುರುವಾಗುತ್ತಿದ್ದ ಹೊತ್ತಿನಲ್ಲಿ, ನಾನು ನಿಂತಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಮಾವ ಸಮಾಧಾನ ಹೇಳಲಿಲ್ಲ, ಅದು ಅವರಿಗೆ ಬರುವುದೂ ಇಲ್ಲ. ನನ್ನ ಕೈಯಲ್ಲಿದ್ದ ಬಾಟಲಿ, ಮಾತ್ರೆ ತಗೊಂಡು, ನುಂಗಿ, ಮಾತ್ರೆಯ ಖಾಲಿ ಪಟ್ಟಿಯನ್ನು ನನಗೆ ಕಾಣುವಂತೆ ತೋರಿಸಿದರು. ನನ್ನ ಅಳು ನಿಲ್ಲುವವರೆಗೆ ಪಕ್ಕದಲ್ಲೇ ನಿಂತು ಕಾದರು.

“ನಡಿಯಮ್ಮ,” ಎಂದರು ಆಮೇಲೆ, “ಹೊಟ್ಟೆ ಹಸೀತಿದೆ.”